ಆರು ವರ್ಷ ಫಿಟ್ಸ್ ಇರ್ಲಿಲ್ಲ, ಮಾತ್ರೆ ನಿಲ್ಲಿಸಿದ ನಾಲ್ಕನೇ ತಿಂಗಳಿಗೆ ಬಂತು: ನನ್ನ ತಂಗಿ ಕೇಸ್

ಇದು ನನ್ನ ತಂಗಿ ಕೇಸು. ಅವಳನ್ನ ಕೇಳಿ, ಅವಳು ಹೂಂ ಅಂದ್ಮೇಲೇ ಬರೀತಿದೀನಿ, ಹೆಸ್ರು ಮಾತ್ರ ಬೇಡ ಅಂದ್ಲು. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿ ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತೀನಿ. ಅವಳ ಮಾತ್ರೆ ಇಷ್ಟೂ ವರ್ಷ ನನ್ನ ಕೈಯಿಂದಲೇ ಹೋಗಿದ್ದು, ನಿಲ್ಲಿಸೋಣ ಅಂತ ಡಾಕ್ಟರ್ ಅಂದಾಗ ಮನೇಲಿ ಮೊದಲು ಖುಷಿ ಪಟ್ಟವಳೂ ನಾನೇ. ಆಮೇಲೆ ಏನಾಯ್ತು, ಯಾಕಾಯ್ತು, ಎಲ್ಲಿ ನಾವೆಲ್ಲ ಕೇಳಬೇಕಿದ್ದ ಒಂದು ಪ್ರಶ್ನೆ ಕೇಳಲಿಲ್ಲ ಅನ್ನೋದನ್ನ ಪೂರ್ತಿ ಬರೆದಿಡ್ತೀನಿ, ಇದೇ ನಿರ್ಧಾರದ ಮುಂದೆ ಕೂತಿರೋ ಮನೆಗಳು ತುಂಬಾ ಇವೆ ಅಂತ ನಂಗೆ ಅಂಗಡೀಲಿ ದಿನಾ ಕಾಣ್ತಿರುತ್ತೆ.

ನಮ್ಮದು ತಿಪಟೂರು ಕಡೆ. ತಂಗಿಗೆ ಮೊದಲ ಸಲ ಫಿಟ್ಸ್ ಬಂದಾಗ 15 ವರ್ಷ, ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪರೀಕ್ಷೆ ಸಮಯ. ರಾತ್ರಿ ಒಂದೂವರೆ ಎರಡರ ತನಕ ಓದೋದು, ಬೆಳಿಗ್ಗೆ ಐದಕ್ಕೆ ಮತ್ತೆ ಎಬ್ಬಿಸೋದು, ನಮ್ಮಲ್ಲಿ ಎಲ್ಲ ಮನೇಲೂ ನಡೆಯೋದೇ. ಅವತ್ತು ಆರು ಗಂಟೆ ಹೊತ್ತಿಗೆ ಹಿತ್ತಲಲ್ಲಿ ಹಲ್ಲುಜ್ಜೋಕೆ ಹೋದವಳು ಒಂದು ಕೂಗು ಕೂಗಿ ಬಿದ್ದಳು, ಕೈಕಾಲು ಸೆಟೆದು ಅದುರಿ, ಬಾಯಲ್ಲಿ ನೊರೆ, ನಾಲಿಗೆ ಕಚ್ಚಿಕೊಂಡು ರಕ್ತ. ದೊಡ್ಡಪ್ಪ ಓಡಿಬಂದು ಬೀಗದಕೈ ಗೊಂಚಲು ಕೈಗೆ ತುರುಕಿದ್ರು, ಪಕ್ಕದ ಮನೆಯವರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ್ರು. ಎರಡು ನಿಮಿಷಕ್ಕೆ ತಾನಾಗೇ ನಿಂತಿತು, ಕಬ್ಬಿಣದಿಂದಲೇ ನಿಂತಿದ್ದು ಅಂತ ದೊಡ್ಡಪ್ಪ ಇವತ್ತಿಗೂ ನಂಬಿದಾರೆ. (ಆ ಹೊತ್ತಲ್ಲಿ ಮಾಡಬೇಕಾದ್ದು ಇಷ್ಟೇ: ಮಗ್ಗುಲಿಗೆ ಹೊರಳಿಸಿ ಮಲಗಿಸೋದು, ಬಾಯಿಗೆ ಏನೂ ಹಾಕದೇ ಇರೋದು, ಗಡಿಯಾರ ನೋಡೋದು. 5 ನಿಮಿಷ ದಾಟಿದ್ರೆ ತಕ್ಷಣ ಆಸ್ಪತ್ರೆ.)

ಊರಿನ ಡಾಕ್ಟರ್ ಸ್ಕ್ಯಾನ್ ಮಾಡಿಸಿದ್ರು, ಏನೂ ಇರ್ಲಿಲ್ಲ, ವಾಲ್ಪ್ರೊಯೇಟ್ ಶುರು ಮಾಡಿದ್ರು. ಚೀಟಿ ಮೇಲೆ ಬರೆದಿದ್ದು ಬರೀ ಫಿಟ್ಸ್ ಅಂತ. ಯಾವ ತರದ ಫಿಟ್ಸ್, ಅದಕ್ಕೊಂದು ಹೆಸರಿದೆಯಾ ಅಂತ ನಾವೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ.

ಎರಡನೇ ಸಲ ಬಂದಿದ್ದು 16ನೇ ವಯಸ್ಸಲ್ಲಿ, ಪಿಯುಸಿ ರಜೇಲಿ ಧರ್ಮಸ್ಥಳ ಸುಬ್ರಹ್ಮಣ್ಯಕ್ಕೆ ಹೋದಾಗ. ಮಾತ್ರೆ ಡಬ್ಬಿ ಮನೇಲೇ ಉಳಿದಿತ್ತು, ಎರಡು ದಿನ ತಗೊಂಡಿರ್ಲಿಲ್ಲ, ರಾತ್ರಿಯೆಲ್ಲ ಘಾಟಿ ಬಸ್ಸಲ್ಲಿ ನಿದ್ದೆ ಇಲ್ಲ, ಬೆಳಿಗ್ಗೆ ಛತ್ರದಲ್ಲಿ ಬಿದ್ದಳು. ಮಾತ್ರೆ ಬಿಟ್ಟಿದ್ದಕ್ಕೆ ಬಂತು ಅಂತ ಬೈಸ್ಕೊಂಡ್ಲು, ಅಲ್ಲಿಗೆ ಆ ವಿಷಯ ಮುಗೀತು. ಈಗ ಹಿಂತಿರುಗಿ ನೋಡಿದ್ರೆ ಅದೇ ದೊಡ್ಡ ಸುಳಿವು, ಎರಡೇ ದಿನ ಮಾತ್ರೆ ಇಲ್ಲದೆ ಒಂದು ರಾತ್ರಿ ನಿದ್ದೆ ಇಲ್ಲದೆ ಹೋದ್ರೆ ಒಳಗಿರೋದು ಹೊರಗೆ ಬರುತ್ತೆ ಅಂದ್ರೆ ಒಳಗೆ ಅದು ಹಾಗೇ ಇದೆ ಅಂತ ತಾನೇ ಅರ್ಥ.

ಅಲ್ಲಿಂದ ಆರು ವರ್ಷ ಒಂದೂ ಇಲ್ಲ. ಬಿಕಾಂ ಮುಗಿಸಿದ್ಲು, ತುಮಕೂರಲ್ಲಿ ಆಡಿಟರ್ ಆಫೀಸಲ್ಲಿ ಕೆಲಸ ಸಿಕ್ತು. ಮಾತ್ರೆಯಿಂದ ಸ್ವಲ್ಪ ದಪ್ಪ ಆಗಿದ್ಲು, ಕೂದಲು ಉದುರ್ತಿತ್ತು, ಅದು ಅವಳಿಗೆ ದೊಡ್ಡ ಬೇಜಾರು. 22ಕ್ಕೆ ಗಂಡು ನೋಡೋಕೆ ಶುರುಮಾಡಿದ್ರು. ಅಮ್ಮನಿಗೆ ಎರಡು ಚಿಂತೆ, ಮದುವೆ ಮನೇಲಿ ಮಾತ್ರೆ ಡಬ್ಬಿ ಕಂಡ್ರೆ ಏನಂತಾರೆ ಅನ್ನೋದು ಒಂದು, ಈ ಮಾತ್ರೆ ತಿಂದ್ರೆ ಮಗುಗೆ ತೊಂದರೆ ಆಗುತ್ತಂತೆ ಅನ್ನೋದು ಇನ್ನೊಂದು. ಎರಡನೇದು ಸುಳ್ಳಲ್ಲ. ಬಸುರಲ್ಲಿ ವಾಲ್ಪ್ರೊಯೇಟ್ ತಗೊಂಡ್ರೆ ಹತ್ತರಲ್ಲಿ ಒಂದು ಮಗುಗೆ ಹುಟ್ಟಿನ ದೋಷ ಆಗಬಹುದು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೇ ಇರೋದೂ ಅದ್ರಲ್ಲಿ ಸೇರುತ್ತೆ, ಮತ್ತೆ 30ರಿಂದ 40 ಪರ್ಸೆಂಟ್ ಮಕ್ಕಳಲ್ಲಿ ಬೆಳವಣಿಗೆ, ಕಲಿಕೆ ತೊಂದರೆ ಕಾಣುತ್ತೆ. ಹಾಗಾಗಿ ಆ ಮಾತ್ರೆ ಬದಲಾಗಲೇಬೇಕಿತ್ತು. ಆದ್ರೆ ಬದಲಾಯಿಸೋದು ಬೇರೆ, ಪೂರ್ತಿ ನಿಲ್ಲಿಸೋದು ಬೇರೆ, ನಾವು ಎರಡನ್ನೂ ಒಂದೇ ಅಂದ್ಕೊಂಡ್ವಿ.

ಪಕ್ಕದ ಬೀದಿ ಹುಡುಗನ ಉದಾಹರಣೆ ಬೇರೆ ಕಣ್ಣ ಮುಂದೇ ಇತ್ತು. ಅವನಿಗೂ ಫಿಟ್ಸ್ ಬಂದಿತ್ತು, ಸ್ಕ್ಯಾನಲ್ಲಿ ಮೆದುಳಲ್ಲಿ ಹುಳದ ಗಂಟು ಅಂತ ಬಂದಿತ್ತು, ಆ ಗಂಟು ಕರಗಿದ ಮೇಲೆ ಒಂದು ವರ್ಷದೊಳಗೇ ಮಾತ್ರೆ ನಿಲ್ಲಿಸಿದ್ರು, ಇವತ್ತಿಗೂ ಆರಾಮಾಗಿದಾನೆ. ಅವನಿಗೆ ನಿಂತಿದೆ, ಇವಳಿಗೆ ಆರು ವರ್ಷ ಆದ್ರೂ ನಿಲ್ಲಬಾರದಾ ಅಂತ ಅಮ್ಮ. ನಮ್ಮ ಅತ್ತೆಯೊಬ್ಬರು ತಲೆಗೆ ಬಿಸಿನೀರು ಹಾಕ್ಕೊಂಡಾಗ ಬರೋದು ತಾನೇ, ಅದಕ್ಕೆ ಸ್ನಾನದ ದಿನ ಮಾತ್ರ ಮಾತ್ರೆ ತಗೊಂಡ್ರೆ ಸಾಕು ಅಂದ್ರು. ಅಂಥದ್ದೂ ನಿಜವಾಗ್ಲೂ ಇದೆ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಬಿಸಿನೀರಿನ ಫಿಟ್ಸ್ ಹೆಚ್ಚು, ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಅದನ್ನ ಅಧ್ಯಯನ ಮಾಡಿದಾರೆ, ಕೆಲವರಿಗೆ ತಲೆಸ್ನಾನಕ್ಕೆ ಸ್ವಲ್ಪ ಮುಂಚೆ ಕ್ಲೋಬಜಾಮ್ ಒಂದು ಮಾತ್ರೆ ಕೊಟ್ರೆ ಸಾಕಾಗುತ್ತೆ. ಎಲ್ಲರೂ ಹೇಳಿದ್ದು ಅವರವರು ಕಂಡ ಫಿಟ್ಸ್ ಬಗ್ಗೆ ಸರಿಯಾಗೇ ಇತ್ತು, ನನ್ನ ತಂಗಿದು ಆ ಯಾವುದೂ ಆಗಿರ್ಲಿಲ್ಲ ಅಷ್ಟೇ.

ಡಾಕ್ಟರ್ ಹತ್ರ ಹೋದ್ವಿ. ಎಂಆರ್‌ಐ ನಾರ್ಮಲ್. ಮಧ್ಯಾಹ್ನ ಒಂದು ಇಪ್ಪತ್ತು ನಿಮಿಷದ ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ), ಅದೂ ನಾರ್ಮಲ್. ಎರಡು ವರ್ಷ ಬರದಿದ್ರೆ ನಿಲ್ಲಿಸಬಹುದು, ನಿಮಗೆ ಆರು ವರ್ಷ ಆಗಿದೆ ಅಂದ್ರು. ತಪ್ಪು ಮಾತೇನಲ್ಲ, ಅನೇಕ ಜನರಿಗೆ ಅನ್ವಯಿಸೋ ಮಾತೇ. ಅವಸರ ಕೂಡ ಮಾಡ್ಲಿಲ್ಲ, ಮೂರು ತಿಂಗಳಲ್ಲಿ ಹಂತ ಹಂತವಾಗಿ ಇಳಿಸಿದ್ರು. ಕೊನೇ ಮಾತ್ರೆ ದಿನ ಅಮ್ಮ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದ್ರು.

ಮೊದಲ ತಿಂಗಳು ಏನೂ ಇಲ್ಲ. ಐದನೇ ವಾರದಿಂದ ಬೆಳಿಗ್ಗೆ ಕೈ ಎಗರೋಕೆ ಶುರುವಾಯ್ತು, ಇದು ನಮಗೆ ಗೊತ್ತಾಗಿದ್ದು ಆಮೇಲೆ, ಅವಳು ಯಾರಿಗೂ ಹೇಳಿರ್ಲಿಲ್ಲ. ಹೇಳೋ ಅಂಥದ್ದು ಅಂತ ಅವಳಿಗೇ ಅನ್ನಿಸಿರ್ಲಿಲ್ಲ. ನಾಲ್ಕನೇ ತಿಂಗಳು ನಮ್ಮ ಚಿಕ್ಕಪ್ಪನ ಮಗನ ಮದುವೆ, ಚಪ್ಪರದ ದಿನ ರಾತ್ರಿ ಎರಡೂವರೆ ತನಕ ಹೂ ಕಟ್ಟಿ, ಮಾತಾಡಿಕೊಂಡು ಕೂತಿದ್ವಿ, ನಾಲ್ಕೂವರೆಗೆ ಎದ್ದು ಎಣ್ಣೆಸ್ನಾನ, ಶಾಸ್ತ್ರ. ಆರು ಗಂಟೆಗೆ ಕಾಫಿ ಟ್ರೇ ಹಿಡಿದು ಬರ್ತಿದ್ದವಳ ಕೈ ಎರಡು ಸಲ ಜಾಡಿಸಿತು, ಲೋಟಗಳೆಲ್ಲ ಬಿದ್ದವು, ಅವಳು ತಾನೂ ಬಿದ್ದಳು. ಮದುವೆಗೆ ಬಂದ ನೂರು ಜನದ ಮುಂದೆ. ಎದ್ದ ಮೇಲೆ ಅವಳು ಕೇಳಿದ ಮೊದಲ ಮಾತು, ಅಕ್ಕಾ, ಎಷ್ಟು ಜನ ನೋಡಿದ್ರು ಅಂತ. ನೋಡೋಕೆ ಬರಬೇಕಿದ್ದ ಗಂಡಿನ ಕಡೆಯವರು ಆ ವಾರ ಫೋನ್ ಎತ್ತಲಿಲ್ಲ.

ಆಮೇಲೆ ಬೆಂಗಳೂರಿಗೆ ನರರೋಗ ತಜ್ಞರ ಹತ್ರ ಕರ್ಕೊಂಡು ಹೋದೆ. ಅವರು ಫೈಲ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, ಏನಮ್ಮಾ, ಬೆಳಿಗ್ಗೆ ಎದ್ದು ಒಂದು ಗಂಟೆ ಒಳಗೆ ಕೈ ಎಗರಿ ವಸ್ತು ಬೀಳೋದು ಇತ್ತಾ, ಬ್ರಶ್ಶು, ಬಾಚಣಿಗೆ, ಕಾಫಿ ಲೋಟ? ತಂಗಿ ನನ್ನ ಮುಖ ನೋಡಿದ್ಲು. ಇತ್ತು ಡಾಕ್ಟ್ರೇ, ಒಂಬತ್ತನೇ ಕ್ಲಾಸಿಂದ ಇತ್ತು, ಮಾತ್ರೆ ಶುರುವಾದ್ಮೇಲೆ ಹೋಗಿತ್ತು, ಈಗ ಮತ್ತೆ ಬಂದಿತ್ತು ಅಂದ್ಲು. ನಂಗೆ ಆ ಕ್ಷಣಕ್ಕೆ ನಮ್ಮನೆ ಅಡುಗೆಮನೆ ಕಣ್ಣ ಮುಂದೆ ಬಂತು, ಬೆಳಿಗ್ಗೆ ಹೊತ್ತು ಇವಳ ಕೈಯಿಂದ ಲೋಟ ಬಿದ್ದಾಗೆಲ್ಲ ಅಮ್ಮ, ಕೈಲಿ ಜೀವ ಇಲ್ವೇನೇ ನಿಂಗೆ, ಗಂಡನ ಮನೇಲಿ ಹೆಂಗೆ ಬಾಳ್ತೀಯೇ ಅಂತ ಬೈತಿದ್ದಿದ್ದು, ನಾನೂ ನಗ್ತಿದ್ದಿದ್ದು. ಏಳೆಂಟು ವರ್ಷ ಆ ಹುಡುಗಿ ಅದನ್ನ ತನ್ನ ಬೇಜವಾಬ್ದಾರಿ ಅಂತಲೇ ನಂಬಿದ್ಲು. ಡಾಕ್ಟರ್ ಹೇಳಿದ್ರು, ಅದು ಕೈತಪ್ಪಲ್ಲಮ್ಮ, ಅದೂ ಫಿಟ್ಸೇ, ಅರೆಕ್ಷಣದ್ದು, ಪ್ರಜ್ಞೆ ಹೋಗಲ್ಲ ಅಷ್ಟೇ. ತಂಗಿ ಅತ್ತಿದ್ದು ಅವತ್ತು, ಬಿದ್ದ ದಿನ ಅಲ್ಲ.

ರಾತ್ರಿಯೆಲ್ಲ ಎಚ್ಚರ ಇದ್ದು ಬೆಳಿಗ್ಗೆ ಇಇಜಿಗೆ ಬರೋಕೆ ಹೇಳಿದ್ರು. ಲಾಡ್ಜ್ ರೂಮಲ್ಲಿ ನಾವಿಬ್ಬರೂ ಟೀವಿ ಹಾಕ್ಕೊಂಡು, ವರಾಂಡದಲ್ಲಿ ನಡೆದಾಡಿ ರಾತ್ರಿ ಕಳೆದ್ವಿ. ಬೆಳಿಗ್ಗೆ ತಲೆಗೆ ತಂತಿ ಅಂಟಿಸಿ, ಜೋರಾಗಿ ಉಸಿರಾಡಿಸಿ, ಮಿನುಗೋ ಲೈಟ್ ತೋರಿಸಿದ್ರು. ಮಧ್ಯಾಹ್ನದ ಇಇಜಿಲಿ ಕಾಣದ್ದು ಇಲ್ಲಿ ಸ್ಪಷ್ಟವಾಗಿ ಬಂತು, ಎರಡೂ ಕಡೆ ಒಟ್ಟಿಗೆ, ಸೆಕೆಂಡಿಗೆ 4ರಿಂದ 5 ಸಲ, ಗೊಂಚಲು ಗೊಂಚಲು ಮೊನೆ ಅಲೆಗಳು. ಹೆಸರು ಸಿಕ್ತು: ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಚಿಕ್ಕದಾಗಿ ಜೆಎಂಇ. 1957ರಲ್ಲೇ ಜರ್ಮನಿಯ ಯಾನ್ಸ್ ಅನ್ನೋ ವೈದ್ಯರು ತಮ್ಮ ಜೊತೆಗಾರರ ಜೊತೆ ಸೇರಿ ಇದನ್ನ ವಿವರವಾಗಿ ಬರೆದಿದ್ದಾರೆ. ಹರೆಯದಲ್ಲಿ ಶುರು, ಬೆಳಗಿನ ಎಗರಾಟ, ನಿದ್ದೆಗೆಟ್ಟಾಗ ದೊಡ್ಡ ಫಿಟ್ಸ್. ಎಲ್ಲ ಥರದ ಎಪಿಲೆಪ್ಸಿಲಿ, ಅಂದ್ರೆ ಮೂರ್ಛೆರೋಗದಲ್ಲಿ, ಇದು 5ರಿಂದ 10 ಪರ್ಸೆಂಟ್, ಅಂದ್ರೆ ಅಪರೂಪದ್ದೇನೂ ಅಲ್ಲ. ಹೆಸರು ಯಾಕೆ ಮುಖ್ಯ ಅಂದ್ರೆ, ಮಾಮೂಲಿ ಫಿಟ್ಸ್ ಅಂತ ಕೊಡೋ ಕಾರ್ಬಮಾಜೆಪಿನ್, ಫೆನಿಟಾಯಿನ್ ಥರದ ಮಾತ್ರೆಗಳು ಈ ಎಗರಾಟವನ್ನ ಜಾಸ್ತಿ ಮಾಡಬಹುದು. ಇನ್ನೊಂದು ಕಾರಣ, ಇದರಲ್ಲಿ ಮಾತ್ರೆ ಚೆನ್ನಾಗಿ ಕೇಳುತ್ತೆ, ಆದ್ರೆ ನಿಲ್ಲಿಸಿದ್ರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಜನಕ್ಕೆ ತಿರುಗಿ ಬರುತ್ತೆ. ಎಲ್ಲರಿಗೂ ಅಲ್ಲ, ಕೆನಡಾದ ನೋವಾ ಸ್ಕೋಶಿಯಾದಲ್ಲಿ 25 ವರ್ಷ ಆದ್ಮೇಲೆ ನೋಡಿದ ಒಂದು ಚಿಕ್ಕ ಗುಂಪಲ್ಲಿ ಕೆಲವರು ಮಾತ್ರೆ ಇಲ್ಲದೇನೂ ಚೆನ್ನಾಗಿದ್ರು, ಆದ್ರೆ ಅದನ್ನ ನಂಬ್ಕೊಂಡು 22ರ ಹುಡುಗಿಗೆ ಮದುವೆ ಹೊತ್ತಲ್ಲಿ ನಿಲ್ಲಿಸೋ ಧೈರ್ಯ ಕೊಡೋ ಅಂಥದ್ದಲ್ಲ ಅದು.

ಈಗ ನನ್ನನ್ನ ತುಂಬಾ ಕಾಡಿದ ಪ್ರಶ್ನೆಗೆ ಬರ್ತೀನಿ. ಆರು ವರ್ಷ ಶಾಂತವಾಗಿದ್ದ ಮೆದುಳು, ಸ್ಕ್ಯಾನಲ್ಲಿ ಒಂದು ಚುಕ್ಕೆ ಕೂಡ ಇಲ್ಲ, ಹಾಗಾದ್ರೆ ಏನು ಉಳ್ಕೊಂಡಿತ್ತು ಒಳಗೆ?

ಡಾಕ್ಟರ್ ಹೇಳಿದ್ದನ್ನ ನಮ್ಮ ಕಡೆ ಮಾತಲ್ಲೇ ಹೇಳ್ತೀನಿ. ಎಂಆರ್‌ಐ ತೋರಿಸೋದು ಹಳಿ ಮುರಿದಿದೆಯಾ, ಸ್ಟೇಷನ್ ಬಿದ್ದಿದೆಯಾ ಅಂತ ಮಾತ್ರ. ಜೆಎಂಇಲಿ ಹಳಿ ಎಲ್ಲ ಸರಿಯಾಗಿರುತ್ತೆ, ತೊಂದರೆ ಇರೋದು ಓಡಾಟದಲ್ಲಿ. ಮೆದುಳಿನ ನಡುವೆ ಥಲಾಮಸ್ ಅಂತ ಇದೆ, ನಮ್ಮ ಅರಸೀಕೆರೆ ಜಂಕ್ಷನ್ ಇದ್ದಂಗೆ, ಮೇಲಿನ ಪದರಕ್ಕೆ ಹೋಗೋ ಬರೋ ಸಂದೇಶ ಬಹುಪಾಲು ಅಲ್ಲಿಂದಲೇ ದಾಟಬೇಕು. ಥಲಾಮಸ್ಸು ಮತ್ತೆ ಮೆದುಳಿನ ಮುಂಭಾಗ ಒಂದಕ್ಕೊಂದು ಸಿಗ್ನಲ್ ಕೊಡ್ತಾ ಒಂದು ಲಯದಲ್ಲಿರ್ತವೆ, ನಿದ್ದೆ ಬರೋದು, ಎಚ್ಚರ ಆಗೋದು ಎಲ್ಲ ಆ ಲಯ ಬದಲಾಗೋ ಹೊತ್ತು. ಜೆಎಂಇ ಇರೋರಲ್ಲಿ ಈ ಎರಡರ ನಡುವಿನ ಹೊಂದಾಣಿಕೆ ಬೇಕಾದ್ದಕ್ಕಿಂತ ಬಿಗಿ, ಅದಕ್ಕೇ ನಿದ್ದೆಗೆಟ್ಟು ಎದ್ದ ಹೊತ್ತಲ್ಲಿ ಎಲ್ಲ ಸಿಗ್ನಲ್ಲೂ ಒಂದೇ ಸಲ ಹಸಿರಾದಂಗೆ ಎಲ್ಲ ಕೋಶಗಳೂ ಒಟ್ಟಿಗೆ ಹೊಡ್ಕೊಳ್ಳುತ್ತೆ. ಮಾತ್ರೆ ಏನ್ಮಾಡುತ್ತೆ ಅಂದ್ರೆ ಕೋಶಗಳು ಅಷ್ಟು ಸುಲಭಕ್ಕೆ ಉರಿಯದ ಹಾಗೆ ತಡೆಯುತ್ತೆ. ಜಂಕ್ಷನ್ನಿನ ನಕ್ಷೆ ಬದಲಾಯಿಸಲ್ಲ.

ಲಂಡನ್ನಿನಲ್ಲಿ ಒಂದು ಅಧ್ಯಯನ ಆಗಿದೆ, 2011ರಲ್ಲಿ ಪ್ರಕಟ ಆಗಿದ್ದು. ಜೆಎಂಇ ಇರೋ 30 ಜನರನ್ನ ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಯಾವಾಗ ಚುರುಕಾಗುತ್ತೆ ಅಂತ ತೋರಿಸೋ ಸ್ಕ್ಯಾನ್) ಯಂತ್ರದಲ್ಲಿ ಮಲಗಿಸಿ ನೆನಪಿಟ್ಕೊಳ್ಳೋ ಕೆಲಸ ಕೊಟ್ರು, ಕಷ್ಟ ಹೆಚ್ಚಿಸ್ತಾ ಹೋದ್ರು. ಯೋಚನೆ ಮಾಡೋ ಭಾಗ ಕೆಲಸ ಮಾಡಬೇಕಾದ ಹೊತ್ತಲ್ಲಿ ಇವರಲ್ಲಿ ಕೈಕಾಲು ಆಡಿಸೋ ಮೋಟರ್ ಭಾಗವೂ ಜೊತೆಗೆ ಚುರುಕಾಗ್ತಿತ್ತು, ಎರಡರ ನಡುವಿನ ಜೋಡಣೆ ಆರೋಗ್ಯವಂತರಿಗಿಂತ ಗಟ್ಟಿಯಾಗಿತ್ತು, ಸುಮ್ಮನಿರುವಾಗ ಓಡೋ ಜಾಲ ಆಫ್ ಆಗಬೇಕಾದಾಗ ಪೂರ್ತಿ ಆಫ್ ಆಗ್ತಿರ್ಲಿಲ್ಲ. ಫಿಟ್ಸ್ ಇನ್ನೂ ಬರ್ತಿರೋರಲ್ಲಿ ಇದು ಜಾಸ್ತಿ, ನಿಂತವರಲ್ಲಿ ಕಮ್ಮಿ. ಇದನ್ನ ಓದಿದಾಗ ನಂಗೆ ನೆನಪಾಗಿದ್ದು ಪರೀಕ್ಷೆ ದಿನಗಳು, ಬೆಳಿಗ್ಗೆ ಲೆಕ್ಕ ಮಾಡೋವಾಗ ಪೆನ್ನು ಕೈಯಿಂದ ಹಾರ್ತಿತ್ತು ಅಂತ ತಂಗಿ ಹೇಳಿದ್ದು.

ಅದೇ ಲಂಡನ್ ಗುಂಪು 2014ರಲ್ಲಿ ಇಂಥವರ ಅಣ್ಣತಮ್ಮ ಅಕ್ಕತಂಗಿಯರನ್ನ ನೋಡಿದ್ರು, ಒಂದೂ ಫಿಟ್ಸ್ ಬರದವರನ್ನ. ಅವರಲ್ಲೂ ಆ ಮೋಟರ್ ಭಾಗ ಜೊತೆಗೆ ಚುರುಕಾಗೋದು ಕಾಣಿಸಿತು. ನಾನು ಆ ಸಾಲನ್ನ ಮೂರ್ನಾಲ್ಕು ಸಲ ಓದಿದೆ. ಅಂದ್ರೆ ನನ್ನ ತಲೆಯೊಳಗೂ ಅದೇ ಜೋಡಣೆ ಇರಬಹುದು, ನನಗೆ ಕೈ ಎಗರಿಲ್ಲ ಅಷ್ಟೇ. ಆ ಜೋಡಣೆ ಕಾಯಿಲೆಗಿಂತ ಮುಂಚೆಯೇ ಇತ್ತು, ಹುಟ್ಟಿನಿಂದ ಬಂದದ್ದು, ಫಿಟ್ಸ್ ನಿಂತ ಮೇಲೂ ಇತ್ತು. ಹಾಗಾಗಿ ಮಾತ್ರೆ ನಿಲ್ಲಿಸಿದಾಗ ಹೊಸ ಕಾಯಿಲೆ ಏನೂ ಬರಲಿಲ್ಲ, ಅಮ್ಮ ಅಂದ್ಕೊಂಡ ಹಾಗೆ ಮದುವೆ ಮನೇಲಿ ದೃಷ್ಟಿಯೂ ಆಗಲಿಲ್ಲ, ಮುಚ್ಚಿಟ್ಟಿದ್ದ ಕೈ ತೆಗೆದ್ವಿ, ಅದು ಕಾಣಿಸಿತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಈ ಜಾಲದ ಸ್ಕ್ಯಾನ್ ಮಾಡಿಸಿ ಮಾತ್ರೆ ನಿಲ್ಲಿಸಬಹುದಾ ಅಂತ ನೋಡೋಣ ಅಂತ ಯಾರೂ ಹೊರಡಬೇಡಿ. ಇವೆಲ್ಲ ಗುಂಪು ಗುಂಪಾಗಿ ಹೋಲಿಸಿ ಕಂಡದ್ದು, ನಿಮ್ಮೊಬ್ಬರ ಸ್ಕ್ಯಾನ್ ನೋಡಿ ಬರುತ್ತೆ ಬರಲ್ಲ ಅಂತ ಹೇಳೋ ಮಟ್ಟಕ್ಕೆ ಅದು ಬಂದಿಲ್ಲ. ಸದ್ಯಕ್ಕೆ ಕೆಲಸಕ್ಕೆ ಬರೋದು ಹಳೇ ಪ್ರಶ್ನೆಗಳೇ. 1991ರ ಬ್ರಿಟನ್ನಿನ ಎಂಆರ್‌ಸಿ ಅಧ್ಯಯನದಲ್ಲಿ ಎರಡು ವರ್ಷ ಫಿಟ್ಸ್ ಇಲ್ಲದ 1013 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ನಿಧಾನವಾಗಿ ನಿಲ್ಲಿಸಿದ್ರು, ಇನ್ನೊಂದಕ್ಕೆ ಮುಂದುವರೆಸಿದ್ರು. ಇನ್ನೆರಡು ವರ್ಷಕ್ಕೆ ನೋಡಿದಾಗ ಮುಂದುವರೆಸಿದವರಲ್ಲಿ 78 ಪರ್ಸೆಂಟ್, ನಿಲ್ಲಿಸಿದವರಲ್ಲಿ 59 ಪರ್ಸೆಂಟ್ ಜನ ಫಿಟ್ಸ್ ಇಲ್ಲದೆ ಇದ್ರು. ಅದೇ ಮಾಹಿತಿಯಿಂದ 1993ರಲ್ಲಿ ಅಪಾಯ ಹೆಚ್ಚಿಸೋ ಅಂಶಗಳನ್ನ ಪಟ್ಟಿ ಮಾಡಿದ್ರು: 16 ದಾಟಿದ ವಯಸ್ಸು, ಒಂದಕ್ಕಿಂತ ಹೆಚ್ಚು ಮಾತ್ರೆ, ಚಿಕಿತ್ಸೆ ಶುರುವಾದ ಮೇಲೂ ಫಿಟ್ಸ್ ಬಂದಿರೋದು, ಮೈಯೆಲ್ಲ ಸೆಟೆಯೋ ದೊಡ್ಡ ಫಿಟ್ಸ್, ಎಗರಾಟದ ಫಿಟ್ಸ್, ಇಇಜಿಲಿ ದೋಷ. ನನ್ನ ತಂಗಿಗೆ ಇದ್ರಲ್ಲಿ ನಾಲ್ಕು ಮೊದಲಿಂದಲೇ ಇದ್ವು, ಸರಿಯಾದ ಇಇಜಿ ಮಾಡಿಸಿದ್ರೆ ಐದು. ಕಾಗದ ಪೆನ್ನು ತಗೊಂಡು ಹತ್ತು ನಿಮಿಷ ಕೂತು ಮಾತಾಡಿದ್ರೆ ಗೊತ್ತಾಗ್ತಿತ್ತು.

ಹಾಗಂತ ಯಾರೂ ನಿಲ್ಲಿಸಲೇಬಾರದು ಅಂತ ನಾನು ಹೇಳ್ತಿಲ್ಲ. 2017ರಲ್ಲಿ ಹತ್ತು ಅಧ್ಯಯನಗಳ 1769 ಜನರ ಮಾಹಿತಿ ಒಟ್ಟು ಸೇರಿಸಿ ನೋಡಿದಾಗ ನಿಲ್ಲಿಸಿದವರಲ್ಲಿ 46 ಪರ್ಸೆಂಟ್ ಜನಕ್ಕೆ ತಿರುಗಿ ಬಂದಿತ್ತು, ಅಂದ್ರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬರಲಿಲ್ಲ. ಮಕ್ಕಳಿಗೆ ನಿದ್ದೇಲಿ ಬಾಯಿ ಸೊಟ್ಟಗಾಗಿ ಬರೋ ರೊಲ್ಯಾಂಡಿಕ್ ಅನ್ನೋ ಥರದ್ದು ಹರೆಯ ಮುಗಿಯೋ ಹೊತ್ತಿಗೆ ತಾನಾಗೇ ಹೋಗುತ್ತೆ, ಅಂಥ ಮಗುವಿಗೆ ಜೀವನಪೂರ್ತಿ ಮಾತ್ರೆ ಕೊಡೋದೂ ಅನ್ಯಾಯ. ಅದಕ್ಕೇ ಹೆಸರು ಕೇಳಿ ಅನ್ನೋದು.

ಬೆಂಗಳೂರಿನ ಡಾಕ್ಟರ್ ಲೆವೆಟಿರಾಸಿಟಮ್ 500 ಎರಡು ಹೊತ್ತು ಶುರು ಮಾಡಿದ್ರು, ಜೊತೆಗೆ ಫೋಲಿಕ್ ಆಸಿಡ್. ಈ ಥರದ ಫಿಟ್ಸಿಗೆ ವಾಲ್ಪ್ರೊಯೇಟ್ ಇದಕ್ಕಿಂತ ಜೋರು, 2021ರಲ್ಲಿ ಬ್ರಿಟನ್ನಿನ ಸನಾಡ್ ಅಧ್ಯಯನದ ಎರಡನೇ ಸುತ್ತಲ್ಲೂ ಹಾಗೇ ಬಂದಿದೆ ಅಂತ ಅವರೇ ಮುಚ್ಚುಮರೆ ಇಲ್ಲದೆ ಹೇಳಿದ್ರು, ಆದ್ರೆ ಮಗು ಆಗೋ ವಯಸ್ಸಿನ ಹುಡುಗಿಗೆ ಅದು ಮೊದಲ ಆಯ್ಕೆ ಅಲ್ಲ. ಮೊದಲ ಒಂದು ತಿಂಗಳು ಅವಳಿಗೆ ವಿಪರೀತ ಸಿಟ್ಟು, ಸಣ್ಣದಕ್ಕೂ ಅಮ್ಮನ ಮೇಲೆ ರೇಗೋದು, ಅದು ಈ ಮಾತ್ರೆಯ ಗೊತ್ತಿರೋ ತೊಂದರೆನೇ. ಫೋನ್ ಮಾಡಿ ಕೇಳಿ ಸ್ವಲ್ಪ ದಿನ ತಡೆದ್ವಿ, ಇಳೀತು. ಗಾಡಿ ಓಡಿಸೋದು ನಿಂತಿದೆ, ಅದೊಂದು ಅವಳಿಗೆ ಇವತ್ತಿಗೂ ನೋವು.

ಮದುವೆ ವಿಷಯ. ಈ ಸಲ ಮೊದಲೇ ಹೇಳೋದು ಅಂತ ತಂಗಿನೇ ತೀರ್ಮಾನ ಮಾಡಿದ್ಲು. ಹಿಂದೂ ವಿವಾಹ ಕಾಯ್ದೆಲಿ ಮೂರ್ಛೆರೋಗ ಇದ್ರೆ ಮದುವೆ ರದ್ದು ಮಾಡಬಹುದು ಅಂತ ಇತ್ತು, 1999ರ ತಿದ್ದುಪಡಿಲಿ ಅದನ್ನ ತೆಗೆದುಹಾಕಿದಾರೆ, ಇದು ನಮ್ಮ ಜನಕ್ಕೆ ಇನ್ನೂ ಗೊತ್ತೇ ಇಲ್ಲ. ಎರಡು ಕಡೆಯವರು ಕೇಳಿ ಸುಮ್ಮನಾದ್ರು. ಮೂರನೇ ಹುಡುಗ ರಿಪೋರ್ಟ್ ತಗೊಂಡು ತಾನೇ ಒಬ್ಬ ಡಾಕ್ಟರನ್ನ ಕೇಳಿ ಬಂದು, ನಿದ್ದೆ ಸರಿಯಾಗಿ ಮಾಡಿ ಮಾತ್ರೆ ತಗೊಂಡ್ರೆ ಸಾಕಂತಲ್ಲ ಅಂದ್ರು. ಮುಹೂರ್ತ ಬೆಳಗಿನ ಜಾವಕ್ಕೆ ಬಂದಿತ್ತು, ಎರಡೂ ಮನೆಯವರು ಪುರೋಹಿತರ ಹತ್ರ ಕೂತು ಹನ್ನೊಂದೂಕಾಲಿಗೆ ಇಡಿಸಿದ್ವಿ. ಚಪ್ಪರದ ರಾತ್ರಿ ಹತ್ತಕ್ಕೆ ಅವಳನ್ನ ಮೇಲಿನ ರೂಮಲ್ಲಿ ಮಲಗಿಸಿ ಅಮ್ಮ ಬಾಗಿಲ ಹೊರಗೆ ಚಾಪೆ ಹಾಕ್ಕೊಂಡು ಕೂತಿದ್ರು, ಅರಿಶಿನ ಹಚ್ಚೋಕೆ ಬಂದೋರನ್ನೂ ಒಳಗೆ ಬಿಡ್ಲಿಲ್ಲ.

ಹೊಸ ಮಾತ್ರೆ ಶುರುವಾಗಿ 14 ತಿಂಗಳಾಯ್ತು. ದೊಡ್ಡ ಫಿಟ್ಸ್ ಇಲ್ಲ. ಅವಳು ಗೋಡೆ ಕ್ಯಾಲೆಂಡರಲ್ಲಿ ಕೈ ಎಗರಿದ ದಿನ ಕೆಂಪು ಪೆನ್ನಲ್ಲಿ ಗೀಟು ಹಾಕ್ತಾಳೆ, ಇಷ್ಟು ದಿನದಲ್ಲಿ ಎರಡು ಗೀಟು, ಒಂದು ರಾತ್ರಿ ರೈಲಲ್ಲಿ ಬಂದ ಮಾರನೇ ದಿನ, ಇನ್ನೊಂದು ಅತ್ತೆಗೆ ಹುಷಾರಿಲ್ಲದೆ ಆಸ್ಪತ್ರೇಲಿ ರಾತ್ರಿ ಕೂತಿದ್ದಾಗ. ಆ ಎರಡನೇ ಗೀಟು ಹಾಕಿದ್ದು ಅವಳ ಗಂಡ, ಇವಳು ಮಲಗಿದ್ಲು.